ದ್ವೀಪವನ್ನು ಎತ್ತಿ ಬದಿಗಿಡುವುದಾ?

"ನಡುವೆ ದ್ವೀಪ ಉಂಟಲ್ಲ ಮಾರಾಯ, ಅದನ್ನು ಎತ್ತಿ ಬದಿಗಿಟ್ಟು ಹೋಗುವುದಾ?"

ಮಾವ ಹೀಗೆ ಕೇಳಿದ್ದು ಭಾನುವಾರ, ಮಲ್ಪೆ ಬಂದರಿನಲ್ಲಿ. ಇವತ್ತು ಗುರುವಾರ. ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ನೆನಪಾಗಿ ನಗು ಬರುತ್ತದೆ.

ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬೋಟುಗಳು ಕಡಲಿಗಿಳಿಯುವ ಗಡಿಬಿಡಿ. ಮಾವನ ಬೋಟಿಗೆ ಹೊಸ ಜಿಪಿಎಸ್ ಪ್ಲಾಟರ್, ಅಂದರೆ ಕಡಲಿನ ನಕ್ಷೆಯನ್ನು ಪರದೆಯಲ್ಲಿ ತೋರಿಸುವ ಯಂತ್ರ, ಕೂರಿಸಿದ್ದರು. ನನ್ನ ತಮ್ಮ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಹಡಗಿನ ದಾರಿಯನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿ ಕ್ಯಾಪ್ಟನ್ ಮುಂದಿಡುವವನು. ರಜೆಯಲ್ಲಿ ಬಂದರೂ ಗತ್ತು ಬಿಡುವುದಿಲ್ಲ. ಅಳಿವೆ ಬಾಗಿಲಿನಲ್ಲೊಂದು ಚುಕ್ಕಿ, ನೇತ್ರಾಣಿ ದ್ವೀಪದ ಹತ್ತಿರ ಇನ್ನೊಂದು, ನಡುವೆ ಸುಮಾರು 45 ನಾಟಿಕಲ್ ಮೈಲಿನ ನೇರ ಗೆರೆ. "ಆಯಿತು ಮಾವ."

ಆಗ ಬಂತು ಆ ಪ್ರಶ್ನೆ. ತಮ್ಮ ಪರದೆಯನ್ನು ಹಿಗ್ಗಿಸಿದ. ಖಾಲಿ ನೀಲಿಯಲ್ಲಿ ಒಂದು ಮಚ್ಚೆ ಮೂಡಿತು, ಸುತ್ತ ಕೂಡುಗುರುತಿನಂಥ ಬಂಡೆಯ ಚಿಹ್ನೆಗಳು, ಕೊನೆಗೆ ಸೇಂಟ್ ಮೇರಿಸ್ ಎಂಬ ಹೆಸರು. ಗೆರೆ ಅದರ ಮೈಮೇಲೆಯೇ ಹಾದಿತ್ತು. ರೋಟರ್‌ಡ್ಯಾಮ್ ಕಂಡು ಬಂದವನು, ಚಿಕ್ಕಂದಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ದ್ವೀಪಕ್ಕೇ ಬೋಟು ಗುದ್ದಿಸಲು ಹೊರಟಿದ್ದ! ಮಲ್ಪೆ ಕಿನಾರೆಯಲ್ಲಿ ನಿಂತರೆ ಕಣ್ಣಿಗೆ ಕಾಣುವ ದ್ವೀಪ ಅದು.

ಹಡಗಿನಲ್ಲಾದರೆ ಹೀಗಾಗುವುದಿಲ್ಲ ಎಂದು ಅವನ ವಾದ. ಅಲ್ಲಿನ ಎಕ್ಡಿಸ್ ಎಂಬ ವಿದ್ಯುನ್ಮಾನ ನಕ್ಷೆಯ ಯಂತ್ರಕ್ಕೆ ಹಡಗಿಗೆ ಬೇಕಾದ ಆಳವನ್ನು ಹೇಳಿಟ್ಟರೆ, ಅದಕ್ಕಿಂತ ಕಡಿಮೆ ನೀರಿರುವಲ್ಲಿ ಗೆರೆ ಹಾದರೆ ಎಚ್ಚರಿಸುತ್ತದಂತೆ. ಆಮೇಲೂ ಇಡೀ ಗೆರೆಯನ್ನು ದೊಡ್ಡ ಅಳತೆಯ ನಕ್ಷೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡಬೇಕು. ಸೋಲೊಪ್ಪದ ಸ್ವಭಾವ. ಆದರೂ ರಾತ್ರಿ ಊಟಕ್ಕೆ ಕೂತಾಗ ಅವನೇ ಹೇಳಿದ: 2014ರ ನವೆಂಬರಿನಲ್ಲಿ ಜಗತ್ತು ಸುತ್ತುವ ಪಂದ್ಯಕ್ಕಿಳಿದಿದ್ದ 'ವೆಸ್ಟಾಸ್ ವಿಂಡ್' ಎಂಬ ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಹವಳದ ದಿಬ್ಬಕ್ಕೆ ಕತ್ತಲಲ್ಲಿ ಬಡಿಯಿತು. ಅವರೂ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ. ಒಂಬತ್ತೂ ಮಂದಿ ಬದುಕಿದ್ದು ಪುಣ್ಯ.

ನಕ್ಷೆ ಸುಳ್ಳು ಹೇಳಿರಲಿಲ್ಲ, ಪರದೆ ಗಿಜಿಗುಟ್ಟದಿರಲಿ ಎಂದು ಚಿಲ್ಲರೆ ವಿವರಗಳನ್ನು ಅಡಗಿಸಿತ್ತು, ಅಷ್ಟೆ. ಮುನ್ನೂರು ಸಾಲಗಾರರ ಕಥೆಯನ್ನು ಒಂದು ಪುಟಕ್ಕಿಳಿಸಿ ಪ್ರತಿ ತಿಂಗಳು ಮೇಲಿನ ಕಚೇರಿಗೆ ಕಳುಹಿಸುವವಳು ನಾನು. ಅಚ್ಚುಕಟ್ಟಾಗಿದೆ ಎಂದು ಹೊಗಳಿಸಿಕೊಂಡಿದ್ದೇನೆ ಕೂಡ. ಮೊನ್ನೆಯ ಪುಟ ತೆರೆದಾಗ, ಹೊಳೆಬದಿಯ ಮನೆಯ ಆ ವಿಧವೆ ಯಾವ ಅಂಕಿಯೊಳಗೆ ಮುಳುಗಿದ್ದಾಳೆಂದು ನನಗೇ ತಿಳಿಯಲಿಲ್ಲ.

ಮಾವನೇನೂ ಯಂತ್ರದ್ವೇಷಿಯಲ್ಲ. ಹಳೆಯ ಜಿಪಿಎಸ್ ನೋಡಿ, ಬಲೆ ಹರಿದ ಕಡೆಗಳ ಅಕ್ಷಾಂಶ ರೇಖಾಂಶಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಸೋಮವಾರ ಅದನ್ನು ತಮ್ಮನ ಕೈಗಿತ್ತು, "ಇದನ್ನೂ ಅದಕ್ಕೆ ತುಂಬಿಸು" ಎಂದರು. ಅವನು ತುಟಿಪಿಟಕ್ಕೆನ್ನದೆ ಎರಡು ಗಂಟೆ ಕೂತ. ಒಂದು ಸಾಲು ಮಾತ್ರ ಉಪ್ಪುನೀರು ಬಿದ್ದು ಕಲಸಿಹೋಗಿತ್ತು.

"ಇದು ಎಷ್ಟು ಮಾವ?"

"ಅದು ಬಿಡು. ಅದು ನನಗೆ ಗೊತ್ತುಂಟು."