ಮದುವೆಗೆ ಮೊದಲೇ ಸತ್ತ ರಾಜ: ಮೂರು ವಾರದ ಗಂಟು ಬಿಚ್ಚಿತು

ಕೊನೆಗೂ ಬಿಚ್ಚಿತು! ಮಧ್ಯಯುಗದ ಮಠಗಳಲ್ಲಿ ವರ್ಷವಾರು ಬರೆದಿಟ್ಟ ವೃತ್ತಾಂತಗಳ ತಾರೀಖುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಜೋಡಿಸುವ ಹುಚ್ಚು ನನಗೆ. ಮೂರು ವಾರದಿಂದ ಅದರಲ್ಲಿ ಸ್ಕಾಟ್ಲೆಂಡಿನ ಮೂರನೇ ಅಲೆಕ್ಸಾಂಡರ್ ತನ್ನ ಮದುವೆಗಿಂತ ಮೊದಲೇ ಸತ್ತುಹೋಗಿದ್ದ. ಡ್ರೂ ಮನೆತನದ ಯೋಲಾಂಡ್ ಜತೆ ಜೆಡ್‌ಬರ್ಗ್‌ನಲ್ಲಿ ಮದುವೆಯಾದದ್ದು 1285ರ ಶರತ್ಕಾಲದಲ್ಲಿ. ಕುದುರೆಯಿಂದ ಬಿದ್ದು ಸತ್ತದ್ದು, ನನ್ನ ಕೋಷ್ಟಕದ ಪ್ರಕಾರ, 1285ರ ಮಾರ್ಚ್ 19. ತಾರೀಖಿನ ಪ್ರಕಾರ ಜೋಡಿಸಿದಾಗಲೆಲ್ಲ ಮೇಲೆ ಸಾವು, ಕೆಳಗೆ ಮದುವೆ.

ಲ್ಯಾಟಿನ್ ಸಂಕ್ಷೇಪ ಬಿಡಿಸಿದ್ದು, ಕಲೆಂಡ್ (ರೋಮನ್ ಲೆಕ್ಕದಲ್ಲಿ ತಿಂಗಳ ಮೊದಲ ದಿನ) ಲೆಕ್ಕವನ್ನು ನಮ್ಮ ತಾರೀಖಿಗೆ ತಂದದ್ದು ಇದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಈ ಹುಚ್ಚು ಹತ್ತಿದವರೆಲ್ಲ ಮಾಡುವ ಕೆಲಸವೇ ಅದು. ‘ಏಪ್ರಿಲ್ ಕಲೆಂಡ್‌ಗೆ ಮುಂಚಿನ 14ನೇ ದಿನ’ ಅಂದರೆ, ಏಪ್ರಿಲ್ 1ನ್ನೂ ಸೇರಿಸಿ ಹಿಂದಕ್ಕೆ ಎಣಿಸಿದರೆ, ಮಾರ್ಚ್ 19, ಅದರಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ವರ್ಷದಲ್ಲಿ.

ಆ ಕಾಲದ ಅನೇಕ ಮಠಗಳಲ್ಲಿ ವರ್ಷ ಬದಲಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ, ಮೇರಿಗೆ ದೇವದೂತ ಶುಭವಾರ್ತೆ ತಂದ ಹಬ್ಬದ ದಿನ. ನಮಗೆ ಇದು ಹೊಸದೇನಲ್ಲ. ಗೋಡೆಯ ಕ್ಯಾಲೆಂಡರು ಜನವರಿಯಲ್ಲಿ ಬದಲಾದರೂ ಸಂವತ್ಸರದ ಹೆಸರು ಯುಗಾದಿಯವರೆಗೆ ಹಳೆಯದೇ ಇರುತ್ತದಲ್ಲ, ಹಾಗೆ. ಅವರ 1285ರ ಮಾರ್ಚ್ 19 ನಮ್ಮ 1286ರದು. ಸ್ಕಾಟ್ಲೆಂಡ್ ಜನವರಿ 1ಕ್ಕೆ ಬಂದದ್ದು 1600ರಲ್ಲಿ, ಇಂಗ್ಲೆಂಡ್ 1752ರಲ್ಲಿ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಹಾಗಾಗಿ ಒಂದು ಸೂತ್ರ ಬರೆದೆ: ಜನವರಿ 1ರಿಂದ ಮಾರ್ಚ್ 24ರೊಳಗಿನ ತಾರೀಖಾದರೆ ವರ್ಷಕ್ಕೆ ಒಂದು ಕೂಡು. ಕಾಲಂ ಉದ್ದಕ್ಕೂ ಎಳೆದೆ. ಒಂದು ಸಾಲಿನ ಅಲೆಕ್ಸಾಂಡರ್ 1286ಕ್ಕೆ ಸರಿಯಾಗಿ ಬಂದು ಕೂತ. ಇನ್ನೊಂದು ಸಾಲಿನ ಅಲೆಕ್ಸಾಂಡರ್ 1287ಕ್ಕೆ ಹೋದ! ಒಬ್ಬನೇ ರಾಜ, ಎರಡು ಸಾವು. ಸೂತ್ರವನ್ನು ನಾಲ್ಕು ಥರ ತಿದ್ದಿದೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಹರಿಯಿತು.

ಮೊನ್ನೆ ರಾತ್ರಿ ಎಲ್ಲವನ್ನೂ ಬದಿಗಿಟ್ಟು, ಪ್ರತಿ ಸಾಲು ಯಾವ ಪುಸ್ತಕದಿಂದ ಬಂತು ಎಂದು ಒಂದೊಂದಾಗಿ ನೋಡುತ್ತ ಹೋದಾಗ ಹೊಳೆಯಿತು. ಕೆಲವನ್ನು ಲ್ಯಾಟಿನ್ ಮೂಲದಿಂದ ಬರೆದುಕೊಂಡಿದ್ದೆ, ಕೆಲವನ್ನು ಇಂಗ್ಲಿಷ್ ಅನುವಾದದಿಂದ. ಅನುವಾದಕರು ವರ್ಷವನ್ನು ಆಗಲೇ ನಮ್ಮ ಲೆಕ್ಕಕ್ಕೆ ತಂದಿದ್ದರು. ನಾನು ಅದಕ್ಕೆ ಮತ್ತೆ ಒಂದು ಕೂಡುತ್ತಿದ್ದೆ. ಶಾಸನಗಳ ತಾರೀಖು ನೋಡುವ ಗೆಳೆಯರಿಗೆ ಈ ಸಂಕಟ ಚೆನ್ನಾಗಿ ಅರ್ಥವಾದೀತು. ಶಕವರ್ಷ ಗತವೋ (ಮುಗಿದದ್ದೋ) ವರ್ತಮಾನವೋ (ನಡೆಯುತ್ತಿರುವುದೋ) ಎಂದು ನೋಡದೆ 78 ಕೂಡಿದರೆ ಆಗುವುದೂ ಇದೇ.

ಅದರ ಮೇಲೆ, ಎಲ್ಲ ಮಠಗಳೂ ಮಾರ್ಚ್ 25ನ್ನೇ ಹಿಡಿದಿರಲಿಲ್ಲ. ಕ್ರಿಸ್‌ಮಸ್‌ಗೆ ವರ್ಷ ಬದಲಿಸಿದವರೂ ಇದ್ದರು. ಅವರ ಲೆಕ್ಕಕ್ಕೆ, 1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯಲ್ಲಿ ನಡೆದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆ 1171ರದು. ಅಲ್ಲಿ ಕೂಡುವುದಲ್ಲ, ಕಳೆಯಬೇಕು. ಒಂದೇ ಸೂತ್ರ ಇವರೆಲ್ಲರಿಗೂ ಹೊಂದುವುದೇ ಇಲ್ಲ.

ಈಗ ಮೂರು ಕಾಲಂ: ಮೂಲದಲ್ಲಿ ಬರೆದ ವರ್ಷ, ಆ ಲೆಕ್ಕ ಯಾರದು, ನಮ್ಮ ವರ್ಷ. ಮೊದಲನೆಯದನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ. ವಾರವೋ ಹಬ್ಬವೋ ಸಿಕ್ಕರೆ ತಾಳೆ ನೋಡಬಹುದು: 1286ರ ಮಾರ್ಚ್ 19 ಮಂಗಳವಾರ, ಹಿಂದಿನ ವರ್ಷ ಅದೇ ತಾರೀಖು ಸೋಮವಾರ. ಅಲೆಕ್ಸಾಂಡರ್‌ನ ವಿಷಯದಲ್ಲಿ ಇನ್ನೂ ಗಟ್ಟಿ ಸಾಕ್ಷಿ ಇದೆ. 1286ರ ಏಪ್ರಿಲ್‌ನಲ್ಲಿ ಸ್ಕೋನ್‌ನಲ್ಲಿ ಸೇರಿದ ಸಭೆ ರಾಜ್ಯ ನೋಡಿಕೊಳ್ಳಲು ಆರು ಜನರನ್ನು ನೇಮಿಸಿತು. ರಾಜ ಸತ್ತು ಒಂದು ವರ್ಷ ಯಾರೂ ಸುಮ್ಮನೆ ಕೂತಿರುವುದಿಲ್ಲ.

ಇಲ್ಲಿ ಪುಸ್ತಕ ಮಾರುವವರ ಮೇಲೆ ಒಂದು ದೂರು ಇದೆ. ಮೆಲ್ರೋಸ್ ವೃತ್ತಾಂತದ 1835ರ ಮುದ್ರಣದ ಮರುಮುದ್ರಣವೊಂದನ್ನು ತರಿಸಿದ್ದೆ. ಹಲವು ಪುಟಗಳಲ್ಲಿ ಹೊರ ಅಂಚೇ ಇಲ್ಲ. ಸ್ಕ್ಯಾನ್ ಮಾಡಿದವರ ಬೆರಳು ಎರಡು ಪುಟದಲ್ಲಿ ಅಕ್ಷರದ ಮೇಲೇ ಕೂತಿದೆ. ತಾರೀಖು ಹುಡುಕುವವರಿಗೆ ಅಂಚು ಅಲಂಕಾರವಲ್ಲ. ವಾಪಸು ಕಳಿಸಿದೆ, ಅದೇ ಪ್ರತಿಯಂಥದೇ ಇನ್ನೊಂದು ಬಂತು. ದುಡ್ಡು ತೆಗೆದುಕೊಳ್ಳುವ ಮುಂಚೆ ಒಂದು ಸಲ ಪುಟ ತಿರುವಿ ನೋಡಬಾರದೇ?

ಮೆಲ್ರೋಸ್ ನನಗೆ ಅಷ್ಟು ಪ್ರಿಯವಾಗಲು ಕಾರಣವಿದೆ. ಸ್ಕಾಟ್ಲೆಂಡಿನ ರಾಜ ಒಂದನೇ ಡೇವಿಡ್ 1136ರಲ್ಲಿ ಸ್ಥಾಪಿಸಿದ, ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠ ಅದು. ಅಲ್ಲಿಯ ವೃತ್ತಾಂತದ ಮೊದಲ ಭಾಗವನ್ನು 1170ರ ದಶಕದಲ್ಲಿ ಹಳೆಯ ಗ್ರಂಥಗಳಿಂದ ಆಯ್ದು ಬರೆದರು. ಆಮೇಲೆ ಒಬ್ಬರಾದ ಮೇಲೊಬ್ಬರು, ಹತ್ತಾರು ಕೈಗಳು, 1270ರವರೆಗೆ ಸೇರಿಸುತ್ತ ಹೋದವು. ಹಾಗಾಗಿ ‘ಮೆಲ್ರೋಸ್ ವೃತ್ತಾಂತ ಹೀಗೆನ್ನುತ್ತದೆ’ ಎಂಬ ಮಾತೇ ಅರ್ಧ. ಈ ಸಾಲನ್ನು ಯಾವ ಕೈ ಬರೆಯಿತು, ಘಟನೆಯಾದ ಎಷ್ಟು ಕಾಲದ ಮೇಲೆ ಬರೆಯಿತು ಎಂದೂ ಕೇಳಬೇಕು. ಇಂಗ್ಲೆಂಡಿನ ಪೀಟರ್‌ಬರೋ ಮಠದ ವೃತ್ತಾಂತ ನೋಡಿ. 1133ರ ಆಗಸ್ಟ್ 2ರ ಸೂರ್ಯಗ್ರಹಣ ಅದರಲ್ಲಿ 1135ಕ್ಕೆ ಬಂದಿದೆ. ಗ್ರಹಣದ ಹೊತ್ತಿಗೆ ಸಮುದ್ರ ದಾಟಿದ ಇಂಗ್ಲೆಂಡಿನ ರಾಜ ಒಂದನೇ ಹೆನ್ರಿ ಸತ್ತದ್ದು 1135ರಲ್ಲಿ. ಆ ಭಾಗವನ್ನು ಬರೆದವರು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಒಟ್ಟಿಗೆ ಬರೆದರು. ಅಪಶಕುನವೂ ಸಾವೂ ಒಂದೇ ವರ್ಷಕ್ಕೆ ಅಂಟಿಕೊಂಡವು.

ಅದಕ್ಕೇ ಮುಂದಿನ ಕೆಲಸ ಈಗಲೇ ಕರೆಯುತ್ತಿದೆ. ಫೋರ್ತ್ ಕೊಲ್ಲಿಯ ಇಂಚ್‌ಕಾಮ್ ದ್ವೀಪದ ಮಠಾಧಿಪತಿ ವಾಲ್ಟರ್ ಬೋವರ್ 1440ರ ದಶಕದಲ್ಲಿ ಬರೆದ ‘ಸ್ಕಾಟಿಕ್ರಾನಿಕನ್’, ಹದಿನಾರು ಭಾಗ. ಜಾನ್ ಆಫ್ ಫೋರ್ಡನ್‌ನ ಹಳೆಯ ಗ್ರಂಥವನ್ನು ಹಿಗ್ಗಿಸಿ ಕಟ್ಟಿದ್ದು. ಫೋರ್ಡನ್‌ನ ಮಾತಿಗೆ ಒಂದು ಬಣ್ಣ, ಬೋವರ್ ಸೇರಿಸಿದ್ದಕ್ಕೆ ಇನ್ನೊಂದು. ಬಣ್ಣದ ಪೆನ್ಸಿಲ್ ತಂದೂ ಆಗಿದೆ.

ಆದರೆ ಮೊದಲು ಲ್ಯಾನರ್‌ಕಾಸ್ಟ್ ಮುಗಿಯಲಿ. ಗಡಿಯ ಇಂಗ್ಲಿಷ್ ಬದಿಯ ಈ ವೃತ್ತಾಂತದಲ್ಲಿ ಅಲೆಕ್ಸಾಂಡರ್‌ನ ಕೊನೆಯ ರಾತ್ರಿ ಕಣ್ಣಿಗೆ ಕಟ್ಟುವಂತಿದೆ: ಬಿರುಗಾಳಿ, ಬೇಡವೆಂದ ದೋಣಿಯವನು, ಕೇಳದ ರಾಜ. ಬರೆದವರಿಗೆ ರಾಜನ ಮೇಲೆ ಒಲವಿಲ್ಲ, ಹೆಂಗಸರನ್ನು ಕಾಣಲು ಹಗಲು ರಾತ್ರಿ ಎನ್ನದೆ ಅಲೆಯುತ್ತಿದ್ದ ಎಂದು ಬೈಯುತ್ತಾರೆ. ಬೈಗುಳಕ್ಕೂ ಒಂದು ಕಾಲಂ ಬೇಕಾದೀತು.

ಇವತ್ತು ರಾತ್ರಿ ಮತ್ತೆ ಜೋಡಿಸಿದೆ. ಮೇಲೆ ಜೆಡ್‌ಬರ್ಗ್ ಮದುವೆ, ಕೆಳಗೆ ಕಿಂಗ್‌ಹಾರ್ನ್ ಹತ್ತಿರದ ಸಾವು, ಅದರ ಕೆಳಗೆ ಸ್ಕೋನ್ ಸಭೆ.