ಮಾವನ ಅಕ್ಷರ

ನನ್ನ ಸೋದರಮಾವ ರಾಯಚೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೋರ್ಡು ಬರೆದವರು. ಕನ್ನಡ, ತೆಲುಗು, ಉರ್ದು ಮೂರೂ ಲಿಪಿಗಳು ಅವರ ಕುಂಚಕ್ಕೆ ಬರುತ್ತಿದ್ದವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ, ಆಂಧ್ರ ಮತ್ತು ತೆಲಂಗಾಣದ ಗಡಿಗೆ ಅಂಟಿಕೊಂಡಂತಿರುವ ಊರಿನಲ್ಲಿ ಒಂದೇ ಲಿಪಿ ಕಲಿತವನಿಗೆ ಅರ್ಧ ಹೊಟ್ಟೆ ಎನ್ನುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು, ವಿನೈಲ್ ಎಂಬ ಅಂಟು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸುವ ಯಂತ್ರ ಬಂತು. ಮಾವ ಯಾರನ್ನೂ ದೂರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನೋಟ್‌ಬುಕ್ಕು, ಪೆನ್ನು, ಬಣ್ಣದ ಡಬ್ಬಿ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡರು. ಅಂಗಡಿಗೆ ಗಾಜಿನ ಬಾಗಿಲಿದೆ, ಬೋರ್ಡಿಲ್ಲ. ಹಾಕಿಸೋಣ ಎಂದು ಕೇಳಿದಾಗಲೆಲ್ಲ, "ಕೈ ನಡುಗುತ್ತದೆ, ಇನ್ನೊಬ್ಬರ ಅಕ್ಷರ ನನ್ನ ಬಾಗಿಲಿಗೆ ಬೇಡ" ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರಿಗೆ ಎಪ್ಪತ್ತು ತುಂಬುವುದಿತ್ತು. ಅವರ ಬಾಗಿಲಿಗೆ ಅವರದೇ ಅಕ್ಷರವನ್ನು ವಿನೈಲಿನಲ್ಲಿ ಕತ್ತರಿಸಿ ಅಂಟಿಸಬೇಕೆಂದು ನಿಶ್ಚಯಿಸಿದೆ. ಮೂರೇ ಪದ: ಪುಸ್ತಕ, ಪೆನ್ನು, ಬಣ್ಣ.

ಊರಿನಲ್ಲಿ ಮಾವನ ಕೈಬರಹ ಇನ್ನೂ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕುತ್ತಾ ಎರಡು ಭಾನುವಾರ ಮೊಬೈಲ್ ಹಿಡಿದು ತಿರುಗಿದೆ. ಹಳೆಯ ಖಾನಾವಳಿಯೊಂದರ ಗೋಡೆಯಲ್ಲಿ "ಸಮಸ್ತ ಗ್ರಾಹಕರಿಗೆ ಸ್ವಾಗತ" ಇತ್ತು. ಸ್ತ ಮತ್ತು ಕ ಅಲ್ಲೇ ಸಿಕ್ಕವು. ನೀರಿನ ಟ್ಯಾಂಕಿನ ಮೇಲೆ "ನೀರನ್ನು ಮಿತವಾಗಿ ಬಳಸಿ" ಎಂಬ ಸಾಲಿನಿಂದ ನ್ನು. ಮುಚ್ಚಿದ ಹಾರ್ಡ್‌ವೇರ್ ಅಂಗಡಿಯ ಶಟರಿನ ಮೇಲೆ ಅರ್ಧ ಉದುರಿದ "ಸುಣ್ಣ, ಬಣ್ಣ". ಕ್ಷೌರದ ಅಂಗಡಿಯ ತಗಡಿನಿಂದ "ಪುರುಷರ" ಎಂಬುದರ ಪು. ಆದರೆ ಪೆ ಎಲ್ಲಿಯೂ ಸಿಗಲಿಲ್ಲ. ಕ್ಷೌರದ ಅಂಗಡಿಯ ಪಕಾರದ ಮೈಗೆ ಖಾನಾವಳಿಯ "ಗೆ"ಯ ಎತ್ವವನ್ನು ಜೋಡಿಸಿ ನಾನೇ ಒಂದು ಪೆ ಮಾಡಿದೆ.

ಕಂಪ್ಯೂಟರಿನಲ್ಲಿ ಎಷ್ಟೋ ಕನ್ನಡ ಫಾಂಟುಗಳಿರುವಾಗ ಇಷ್ಟೆಲ್ಲ ಏಕೆ ಎಂದು ಸ್ಟಿಕ್ಕರ್ ಅಂಗಡಿ ನಡೆಸುವ ನನ್ನ ಗೆಳೆಯ ಕೇಳಿದ. ಅವನಿಗೆ ಎರಡೂ ಣ್ಣಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಫಾಂಟಿನ ಒತ್ತಕ್ಷರವೆಂದರೆ ಮೇಲಿನ ಅಕ್ಷರವನ್ನೇ ಕುಗ್ಗಿಸಿ ಕೆಳಗೆ ನೇತುಹಾಕಿದಂತೆ. ಮಾವನ ಒತ್ತು ಮೇಲಿನ ಅಕ್ಷರದ ಹೊಟ್ಟೆಯಿಂದಲೇ ಇಳಿದು ಬರುತ್ತದೆ, ಕುಂಚ ಎತ್ತಿದ ಗುರುತಿಲ್ಲ. ನಾನು ಚಿಕ್ಕವನಿದ್ದಾಗ ಅವರು ನನ್ನನ್ನು ಕೋಟೆಗೆ ಕರೆದೊಯ್ದು, ಒಳಗೋಡೆಯಲ್ಲಿರುವ 40 ಅಡಿಗೂ ಉದ್ದನೆಯ ಒಂದೇ ಕಲ್ಲನ್ನು ತೋರಿಸಿದ್ದರು. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವೂ ಪಕ್ಕದಲ್ಲಿದೆ. ಎಲ್ಲ ಮಕ್ಕಳಂತೆ ನಾನು ಬಂಡಿಯನ್ನೇ ನೋಡುತ್ತಿದ್ದೆ. ಮಾವ ಮಾತ್ರ ಅಕ್ಷರಗಳ ಕೆಳಗೆ ನಿಂತು, ಉಳಿ ಎಲ್ಲಿ ತಿರುಗಿದೆ ನೋಡು, ತಿರುವಿನಲ್ಲಿಯೇ ಬರೆದವನು ಸಿಗುತ್ತಾನೆ ಎಂದಿದ್ದರು.

ಫೋಟೊಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಹಾಕಿ ತಾನಾಗಿಯೇ ಗೆರೆ ಎಳೆಯುವ ಸೌಲಭ್ಯ ಬಳಸಿದೆ. ಉದುರಿದ ಸುಣ್ಣ, ಗೋಡೆಯ ಬಿರುಕು ಎಲ್ಲವೂ ಗೆರೆಯಾಗಿ, ಒಂದೊಂದು ಅಕ್ಷರಕ್ಕೆ ನೂರಾರು ಬಿಂದುಗಳು ಬಂದವು. ಅಷ್ಟು ಬಿಂದುಗಳ ಮೇಲೆ ಬ್ಲೇಡು ತಡವರಿಸುತ್ತದೆ, ಅಂಚು ಗರಗಸದಂತಾಗುತ್ತದೆ. ಅದನ್ನು ಅಳಿಸಿ, ಫೋಟೊದ ಮೇಲೆಯೇ ಕೈಯಾರೆ ವಕ್ರರೇಖೆಗಳನ್ನು ಎಳೆದೆ. ತಿರುವಿಗೊಂದು ಬಿಂದು ಸಾಕು. ಆ ಬಿಂದು ಎಲ್ಲಿ ಕೂರಬೇಕೆಂದು ಹುಡುಕುವಾಗ ಮಾವನ ಮಣಿಕಟ್ಟು ಎಲ್ಲಿ ತಿರುಗಿತ್ತು ಎಂಬುದು ತಿಳಿಯುತ್ತಿತ್ತು. ನಾಲ್ಕು ರಾತ್ರಿ ಹೀಗೆ ಕಳೆದವು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ರಾತ್ರಿಗಳು ಅವೇ.

ಕನ್ನಡವನ್ನು ಕತ್ತರಿಸುವವರು ಮರೆಯಬಾರದ ಸಂಗತಿ ಒಂದಿದೆ. ಅಕ್ಷರ ಮತ್ತು ಒತ್ತು ಒಂದರ ಮೇಲೊಂದು ಬಿದ್ದಿದ್ದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಯಂತ್ರ ಮಾತ್ರ ಎರಡರ ಅಂಚನ್ನೂ ಕತ್ತರಿಸುತ್ತದೆ. ಕೂಡಿದ ಜಾಗದಲ್ಲಿ ಬಾದಾಮಿಯಾಕಾರದ ಚೂರು ಬಿಡಿಯಾಗಿ ಎದ್ದು ಬರುತ್ತದೆ. ಆದ್ದರಿಂದ ಎಲ್ಲ ಭಾಗಗಳನ್ನೂ ಮೊದಲೇ ಬೆಸೆದು ಒಂದೇ ಆಕೃತಿ ಮಾಡಬೇಕು.

ವಿನೈಲಿನಲ್ಲಿ ಎರಡು ಬಗೆ. ಉರುಳೆಗಳ ನಡುವೆ ಒತ್ತಿ ತೆಗೆದ ಅಗ್ಗದ ಹಾಳೆ ಬಿಸಿಲಿಗೆ ಕ್ರಮೇಣ ಕುಗ್ಗುತ್ತದೆ, ಅಂಚಿನಲ್ಲಿ ಅಂಟು ಇಣುಕಿ ಧೂಳು ಹಿಡಿಯುತ್ತದೆ. ದ್ರವವನ್ನು ಹರಡಿ ಒಣಗಿಸಿ ಮಾಡಿದ ಹಾಳೆ ಸುಮಾರು 50 ಮೈಕ್ರಾನ್ ದಪ್ಪ ಮಾತ್ರ, ಬೆಲೆ ಹೆಚ್ಚು, ಆದರೆ ಮಲಗಿದಲ್ಲೇ ಮಲಗಿರುತ್ತದೆ. ರಾಯಚೂರಿನ ಬಿಸಿಲಿಗೆ ಎರಡನೆಯದೇ ಸರಿ. ಅಕ್ಷರಕ್ಕೆ ಹಳದಿ, ನೆರಳಿಗೆ ಕಪ್ಪು ತಂದೆ. ಮಾವನ ನೆರಳು ಯಾವಾಗಲೂ ಎಡಕ್ಕೆ, ಕೆಳಕ್ಕೆ ಬೀಳುತ್ತದೆ.

ಗೆಳೆಯ ಮೊದಲು ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡಿದ. ಬ್ಲೇಡು ವಿನೈಲನ್ನು ಪೂರ್ತಿ ಸೀಳಬೇಕು, ಕೆಳಗಿನ ಕಾಗದಕ್ಕೆ ಉಗುರು ತಾಗಿದಷ್ಟೇ ಗುರುತು ಬೀಳಬೇಕು. ಆಮೇಲೆ ಬಿಡಿಸುವ ಕೆಲಸ. ಬೇಡವಾದ ವಿನೈಲನ್ನು ಕೊಕ್ಕೆಯಿಂದ ಎತ್ತಿ, ಹಾಳೆಯ ಮೇಲೆ ಮಲಗಿಸಿದಂತೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಮಧ್ಯಾಹ್ನ ಎರಡು ಗಂಟೆ, ಕರೆಂಟು ಹೋಗಿತ್ತು. ಸೆಖೆಗೆ ವಿನೈಲು ಮೆತ್ತಗಾಗಿ ರಬ್ಬರಿನಂತೆ ಹಿಗ್ಗಿತು. ನ್ನುವಿನ ಒತ್ತು ಅದರ ಜೊತೆಗೇ ಎದ್ದು ಬಂದು ತನಗೇ ಅಂಟಿಕೊಂಡಿತು. ಒಂದು ಹಾಳೆ ಹಾಳಾಯಿತು. ಕೆಲಸವನ್ನು ರಾತ್ರಿಗೆ ಇಟ್ಟುಕೊಂಡೆವು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಐದೂವರೆಗೆ, ಗಾಜು ತಣ್ಣಗಿರುವಾಗಲೇ ಹೋದೆ. ಅತ್ತೆಗೆ ಮಾತ್ರ ಗೊತ್ತಿತ್ತು. ಗಾಜನ್ನು ಒರೆಸಿ, ಎರಡು ಹನಿ ಶಾಂಪೂ ಬೆರೆಸಿದ ನೀರು ಸಿಂಪಡಿಸಿ ಮೊದಲು ಕಪ್ಪು ನೆರಳನ್ನು ಕೂರಿಸಿದೆ. ನೀರಿದ್ದರೆ ಹಾಳೆಯನ್ನು ಜಾರಿಸಿ ಸರಿಪಡಿಸಬಹುದು. ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ, ಅರ್ಧ ಗಂಟೆ ಕಾದು, ಅಕ್ಷರಗಳನ್ನು ಒಟ್ಟಿಗೆ ಹಿಡಿದಿಟ್ಟಿದ್ದ ಮೇಲಿನ ಟೇಪನ್ನು ಬಿಡಿಸಿದೆ. ಆಮೇಲೆ ಹಳದಿ. ಮೂಲೆಗಳಲ್ಲಿ ಕತ್ತರಿಸಿಟ್ಟ ಗುರುತಿನ ತ್ರಿಕೋನಗಳು ಒಂದರ ಮೇಲೊಂದು ಕೂತಾಗ ನನ್ನ ಉಸಿರು ಹಗುರವಾಯಿತು.

ಏಳು ಗಂಟೆಗೆ ಮಾವ ಬಾಗಿಲು ತೆರೆಯಲು ಬಂದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳನ್ನು ಗಾಜಿಗೆ ತಾಗಿಸಿ ಒಂದೊಂದೇ ಅಕ್ಷರವನ್ನು ಗುರುತಿಸುತ್ತಾ ಹೋದರು. ಇದು ಖಾನಾವಳಿಯದು, ಆ ದಿನ ನಿಚ್ಚಣಿಕೆ ಸಿಗದೆ ಡ್ರಮ್ಮಿನ ಮೇಲೆ ನಿಂತಿದ್ದೆ. ಇದು ಟ್ಯಾಂಕಿನದು. ಈ ಬಣ್ಣ ಶಟರಿನದು, ತಗಡು ಸುಡುತ್ತಿತ್ತು. ಪೆಯ ಬಳಿ ಬೆರಳು ನಿಂತಿತು.

"ಎರಡೂ ನನ್ನ ಕೈಯವೇ. ಆದರೆ ಒಂದೇ ದಿನದವಲ್ಲ" ಎಂದರು.

ಮರುದಿನ ಅತ್ತೆಯ ಕೈಯಲ್ಲಿ ಒಂದು ಹಾಳೆ ಕಳಿಸಿದರು. ಚಪ್ಪಟೆ ಕುಂಚದಲ್ಲಿ ಹನ್ನೊಂದು ಸಲ ಪೆ ಬರೆದಿದ್ದರು. ಹತ್ತಕ್ಕೆ ಅಡ್ಡಗೆರೆ, ಕೊನೆಯದಕ್ಕೆ ಸುತ್ತು. ಎತ್ವದ ತಿರುವಿನಲ್ಲಿ ಕೈ ನಡುಗಿದ್ದು ಅಂಚಿನುದ್ದಕ್ಕೂ ಕಾಣುತ್ತಿತ್ತು. ಇದನ್ನು ನಯ ಮಾಡಲೇ ಎಂದು ಗೆಳೆಯ ಕೇಳಿದ. ಬೇಡ ಎಂದೆ. ಇದ್ದ ಬಿಂದುಗಳನ್ನೆಲ್ಲ ಇದ್ದಂತೆಯೇ ಬಿಟ್ಟು, ಬ್ಲೇಡಿನ ವೇಗವನ್ನು ಅರ್ಧಕ್ಕೆ ಇಳಿಸಿ ಕತ್ತರಿಸಿದೆವು. ಭಾನುವಾರ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಹಳೆಯ ಪೆಯನ್ನು ಎಬ್ಬಿಸಿದೆ. ಹೊಸದನ್ನು ಕೂರಿಸುವಾಗ ಮಾವ ಪಕ್ಕದಲ್ಲಿ ನಿಂತು, ನೆರಳು ಇನ್ನು ಒಂದು ನೂಲು ಎಡಕ್ಕೆ ಬರಲಿ ಎಂದು ಹೇಳಿಕೊಟ್ಟರು.