ಸುತ್ತ ನಿಂತವರೂ ಆಡುವವರೇ

ಟೆನ್‌ಟೆನ್ ಆಡಲು ಏನೂ ಬೇಡ. ಚೆಂಡು ಬೇಡ, ಬಿಲ್ಲೆ ಬೇಡ, ಗೆರೆ ಎಳೆಯೋದೂ ಬೇಡ. ಇಬ್ಬರು ಹುಡುಗಿಯರು ಎದುರುಬದುರು ನಿಂತರೆ ಸಾಕು. ಚಪ್ಪಾಳೆಯ ತಾಳಕ್ಕೆ ಕುಣಿಯುತ್ತಾರೆ. ತಾಳ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೊಂದು ಕಾಲು ಮುಂದೆ ಚಾಚಬೇಕು. ಮೊದಲೇ ಮಾತಾಗಿರುತ್ತೆ: ಕಾಲುಗಳು ಒಂದಕ್ಕೊಂದು ನೇರ ಬಂದರೆ ಒಬ್ಬಳಿಗೆ ಅಂಕ, ಓರೆಯಾಗಿ ಬಂದರೆ ಇನ್ನೊಬ್ಬಳಿಗೆ. ಮೊದಲು ಹತ್ತು ಮುಟ್ಟಿದವಳು ಗೆದ್ದಳು. ರೆಪ್ಪೆ ಬಡಿಯುವಷ್ಟರಲ್ಲಿ ಆಗಿಹೋಗುವ ಇದನ್ನು ನೋಡಿ ತೀರ್ಪು ಕೊಡುವವರು ಯಾರು? ಸುತ್ತ ನಿಂತ ಹುಡುಗಿಯರು. ಚಪ್ಪಾಳೆ ಅವರದು, ಎಣಿಕೆ ಅವರದು, ಜಗಳ ಬಿಡಿಸುವವರೂ ಅವರೇ.

ನಾವಿರೋದು ನೈಜೀರಿಯಾದ ಲಾಗೋಸ್‌ ನಗರದ ಇಲುಪೆಜುವಿನಲ್ಲಿ. ನಾನು ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮನೆಯ ಹಿಂದಿನ ಬೀದಿಯಲ್ಲಿ ನಮ್ಮ ಹಳೇ ಬೆಂಗಳೂರಿನ ವಠಾರದಂಥ ಮನೆಗಳಿವೆ. ಉದ್ದನೆಯ ಓಣಿ, ಎರಡೂ ಕಡೆ ಕೋಣೆಗಳು, ಬಾಗಿಲಿಗೆ ಬಾಗಿಲು ಎದುರು. ಅದಕ್ಕೇ ಇಲ್ಲಿಯವರು ‘ಫೇಸ್ ಮಿ ಐ ಫೇಸ್ ಯು’ ಅನ್ನುತ್ತಾರೆ. ಅಡುಗೆಮನೆ, ಬಚ್ಚಲು, ಅಂಗಳ ಎಲ್ಲರಿಗೂ ಸೇರಿದ್ದು. ಅಂಗಳದಲ್ಲಿ ಆಡುವ ಮಗು ಯಾರದ್ದೇ ಇರಲಿ, ಬೈಯುವ ಹಕ್ಕು ಎಲ್ಲ ಅಮ್ಮಂದಿರಿಗೂ ಇದೆ. ನನ್ನ ಮಗಳೂ ಅಲ್ಲೇ ಬೈಸಿಕೊಂಡು ಬೆಳೆದಳು. ಅಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯೋದಿಲ್ಲ, ಮಗಳ ಹೆಸರಿನ ಮುಂದೆ ‘ಮಾಮಾ’ ಸೇರಿಸಿ ಕರೆಯುತ್ತಾರೆ.

ಕರೆಂಟ್ ಹೋದ ರಾತ್ರಿ ಬೊಜುಬೊಜು ಶುರು. ನಮ್ಮ ಕಣ್ಣಾಮುಚ್ಚಾಲೆಯ ಥರದ್ದೇ. ಕಣ್ಣು ಮುಚ್ಚಿಕೊಂಡ ಮಗು ಓರೋದವನು ಬರುತ್ತಿದ್ದಾನೆ, ಅಡಗಿಕೊಳ್ಳಿ ಅಂತ ಹಾಡಿನಲ್ಲೇ ಎಚ್ಚರಿಸುತ್ತೆ. ಕಣ್ಣು ಬಿಡಲಾ ಅಂತ ಕೇಳುತ್ತೆ. ಉಳಿದವರೆಲ್ಲ ಬಿಡು ಬಿಡು ಅಂತ ಕೂಗಬೇಕು. ಓರೋ ಇಲ್ಲಿನ ಯೊರುಬಾ ಜನರ ಆಚರಣೆ. ಅದು ಹೊರಡುವ ಹೊತ್ತಿನಲ್ಲಿ ಹೆಂಗಸರು ಬೀದಿಗೆ ಬರುವಂತಿಲ್ಲ. ಇಕೊರೊಡುವಿನಂಥ ಊರುಗಳಲ್ಲಿ ಈಗಲೂ ಆ ಕಟ್ಟಳೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಆದರೆ ದೊಡ್ಡವರು ಹೆದರುವ ವಿಷಯವನ್ನು ಮಕ್ಕಳು ಕತ್ತಲಲ್ಲಿ, ಗಂಡು ಹೆಣ್ಣು ಅನ್ನದೆ, ಕಿರುಚಿ ನಗುತ್ತಾ ಆಡಿಬಿಡೋದು ನನಗೆ ತುಂಬಾ ಇಷ್ಟ.

ಇನ್ನು ಆಯೋ, ನಮ್ಮ ಚೆನ್ನೆಮಣೆಯ ಥರದ ಗುಳಿಮಣೆ ಆಟ. ಇದರ ಬಗ್ಗೆ ಬರೆಯಲು ಕೂತರೆ ನಿಲ್ಲಿಸೋದು ಕಷ್ಟ. ನಾನು ಪುತ್ತೂರಿನವಳು, ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯ ಎದುರು ಚೆನ್ನೆಮಣೆ ಆಡಿದವಳು. ನಮ್ಮ ಮಣೆಗೆ 14 ಗುಳಿ, ಇಲ್ಲಿಯದಕ್ಕೆ 12. ಗುಳಿಗೆ ನಾಲ್ಕರಂತೆ 48 ಕಾಯಿ. ನಾವು ಕೆಂಪು ಮಂಜೊಟ್ಟಿ ಇಟ್ಟು ಆಡುತ್ತಿದ್ದೆವು, ಇಲ್ಲಿ ಗಜ್ಜುಗ. ಹೌದು, ಅದೇ ನಮ್ಮ ಬೇಲಿ ಸಾಲಿನ ಗಜ್ಜುಗ! ಬೂದು ಬಣ್ಣ, ನುಣುಪು, ಕಲ್ಲಿನಷ್ಟು ಗಟ್ಟಿ. ಚೆನ್ನಾಗಿ ಆಡುವವರ ಕೈ ನೋಡಬೇಕು. ಮುಷ್ಟಿ ತುಂಬ ಕಾಯಿ ಇದ್ದರೂ ಹೆಬ್ಬೆರಳು ಒಂದೊಂದನ್ನೇ ತಳ್ಳುತ್ತೆ, ಟಕ್ ಟಕ್ ಟಕ್. ಒಂದೇ ಗುಳಿಯಲ್ಲಿ ಕಾಯಿ ಕೂಡಿಟ್ಟು ಕೂಡಿಟ್ಟು, ಕೊನೆಗೆ ಮಣೆ ಪೂರ್ತಿ ಒಂದು ಸುತ್ತು ಬರುವಷ್ಟಾದರೆ ಅದು ‘ಒಡು’. ಅದನ್ನು ಬಿಡುವ ಹೊತ್ತಿಗೆ ಸುತ್ತ ಇದ್ದವರೆಲ್ಲ ಬಗ್ಗಿ ನೋಡುತ್ತಾರೆ.

ನಮ್ಮಲ್ಲಿ ಇದು ಮಳೆಗಾಲದಲ್ಲಿ ಹೆಂಗಸರು ಮನೆಯೊಳಗೆ ಆಡುವ ಆಟ. ಇಲ್ಲಿ ಗಂಡಸರು ಮರದ ನೆರಳಲ್ಲಿ, ಬೀದಿಯಲ್ಲೇ ಆಡುತ್ತಾರೆ. ಗೆದ್ದವನು ಓತ, ಸೋತವನು ಓಪೆ. ಓತನಿಗೆ ಛೇಡಿಸುವ ಹಕ್ಕು, ಓಪೆ ಬಾಯಿ ಮುಚ್ಚಿಕೊಂಡಿರಬೇಕು. ಸುತ್ತ ನಿಂತವರು ಮಾತ್ರ ಸುಮ್ನೆ ಇರೋದೇ ಇಲ್ಲ. ಮಕ್ಕಳು ದೊಡ್ಡವರ ಹೆಗಲ ಮೇಲಿಂದ ಇಣುಕಿಯೇ ಆಟ ಕಲಿಯುತ್ತಾರೆ. ಒಂದು ನಿಯಮ ನನಗೆ ಅಚ್ಚುಮೆಚ್ಚು: ಎದುರಿನವನ ಗುಳಿಗಳೆಲ್ಲ ಖಾಲಿಯಾಗಿದ್ದರೆ, ಅವನ ಕಡೆ ಕಾಯಿ ಹೋಗುವ ಹಾಗೆ ಆಡಲೇಬೇಕು. ಅವನಿಗೂ ಆಡಲು ಏನಾದರೂ ಬೇಕಲ್ವಾ?

ಉತ್ತರದ ಹೌಸಾ ಹುಡುಗರ ಆಟ ಲಂಗ. ಒಂದು ಕಾಲನ್ನು ಹಿಂದಕ್ಕೆ ಮಡಚಿ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲೇ ಕುಂಟುತ್ತಾ ಎದುರಾಳಿಯನ್ನು ಬೀಳಿಸಬೇಕು. 1973ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಲಂಗ, ಆಯೋ ಆಡಿಸುತ್ತಾರೆ. ಹುಡುಗಿಯರದ್ದು ಗಡ. ಕಾನೊ ಕಡೆಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ಎದ್ದು ನಿಂತು ಆಡಿಯೇ ತೋರಿಸಿದರು. ಹುಡುಗಿಯರು ಅರ್ಧಚಂದ್ರದ ಹಾಗೆ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಒಬ್ಬೊಬ್ಬಳೇ ನಡುವೆ ಬಂದು, ತಿರುಗಿ ನೋಡದೆ ಹಿಂದಕ್ಕೆ ಬೀಳಬೇಕು. ಉಳಿದವರು ಹಿಡಿದು ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಬಿಟ್ಟುಬಿಟ್ಟರೆ ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಈಚೆಗೆ ಲಾಗೋಸ್‌ನಲ್ಲೂ ಗೇಟು ಹಾಕಿದ ಕಟ್ಟಡಗಳು ಜಾಸ್ತಿ. ಮಕ್ಕಳು ಮೊಬೈಲ್ ಹಿಡಿದು ಒಳಗಿರುತ್ತಾರೆ. ಶಾಲೆಗಳು ಈ ಆಟಗಳನ್ನು ಉಳಿಸಲು ನೋಡುತ್ತಿವೆ, ಅದು ಸಂತೋಷ. ಆದರೆ ಮಗಳ ಶಾಲೆಯ ಸಂಸ್ಕೃತಿ ದಿನದಲ್ಲಿ ಟೆನ್‌ಟೆನ್ ವೇದಿಕೆ ಹತ್ತಿತ್ತು. ಒಂದೇ ಬಟ್ಟೆಯ ಉಡುಪು ತೊಟ್ಟ ಇಬ್ಬರು ಹುಡುಗಿಯರು ಮೇಲೆ, ಕುರ್ಚಿಗಳಲ್ಲಿ ಕೂತ ನಾವು ಕೆಳಗೆ. ಎಣಿಸುವವರಿಲ್ಲ, ಅದು ತಪ್ಪು ಅಂತ ಕೂಗುವವರಿಲ್ಲ. ಯಾರು ಗೆದ್ದರು ಅಂತ ಯಾರಿಗೂ ಗೊತ್ತಾಗಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ಆಮೇಲೆ ಟೀಚರ್ ಹತ್ತಿರ ಹೋಗಿ ಹೇಳಿದೆ: ಮುಂದಿನ ವರ್ಷ ವೇದಿಕೆ ಬೇಡ ಮೇಡಂ, ಮೈದಾನದಲ್ಲೇ ಆಡಿಸಿ. ಕುರ್ಚಿಯನ್ನೂ ಹಾಕಬೇಡಿ. ಬಂದ ಅಮ್ಮಂದಿರಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗ ಟೆನ್‌ಟೆನ್ ಆಡಿದವರೇ, ಅವರನ್ನೂ ಇಳಿಸಿ. ಟೀಚರ್ ನಕ್ಕು, ತಾನು ಶಾಲೆಯಲ್ಲಿದ್ದಾಗ ತನ್ನ ಎಡಗಾಲಿಗೆ ಎಲ್ಲರೂ ಹೆದರುತ್ತಿದ್ದರು ಅಂದರು.